ಹುತ್ತದ ಅಣಬೆಗೆ ಉದ್ದ ಬೇರು ಬಂದದ್ದು

ಬೆಟ್ಟಗಳ ಮೈ ಇನ್ನೂ ಹಸಿಯಾಗಿದ್ದ, ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲವದು. ಆಗ ಅಣಬೆಗೆ ಬೇರಿರಲಿಲ್ಲ. ಹಸ್ತಾ ಮಳೆ ಹಿಡಿದೊಡನೆ ಅದು ಹುತ್ತದೊಳಗೆ, ಗೆದ್ದಲಮ್ಮನ ಮನೆಯಲ್ಲಿ ಹುಟ್ಟಿ, ದಿನಕ್ಕೊಂದೋ ಎರಡೋ ಎಂಬಂತೆ ನಿಧಾನವಾಗಿ ಮೇಲೆ ಬರುತ್ತಿತ್ತು.

ಆ ಹುತ್ತದ ಬಳಿ ಪುಟ್ಟಮಾದಮ್ಮ, ಜವನಮ್ಮ ಎಂಬ ಓರಗಿತ್ತಿಯರಿದ್ದರು. ಒಂದೇ ಅಂಗಳ, ಬೇರೆ ಬೇರೆ ಒಲೆ. ಅಣಬೆಯ ಸಾರೆಂದರೆ ಇಬ್ಬರಿಗೂ ಪ್ರಾಣ. ಹಿರಿಯಳು ನಸುಕಿನಲ್ಲಿ ಹೋದರೆ ಕಿರಿಯಳು ಅದಕ್ಕೂ ಮುಂಚೆ ಹೋಗುವಳು. ಸಿಕ್ಕಿದ್ದನ್ನು ಕಿತ್ತ ಮೇಲೂ, ನಾಳೆ ಏಳುವ ಮೊಗ್ಗು ಇನ್ನೊಬ್ಬಳ ಪಾಲಾಗಬಾರದೆಂದು ಇಬ್ಬರೂ ಗುದ್ದಲಿಯಿಂದ ಬುಡವನ್ನೇ ಅಗೆಯುವರು. ಇವಳು ಗೇಣಾಳ ತೋಡಿದರೆ ಅವಳು ಮೊಳದಾಳ.

ಅಗೆದ ಗುಂಡಿಗಳಲ್ಲಿ ಮಳೆನೀರು ಇಳಿಯಿತು. ಗೆದ್ದಲಮ್ಮನ ಮರಿಗಳು ನೆನೆದು ನಡುಗಿದವು. ಅವಳು ಸೂರು ಮೆತ್ತಿದಳು, ಅವರು ಅಗೆದರು. ಮತ್ತೆ ಮೆತ್ತಿದಳು; ಮತ್ತೆ ಅಗೆದರು.

ಸ್ವಲ್ಪ ಹೊತ್ತು ನಿಲ್ಲೆಂದು ಅವಳು ಮಳೆಯನ್ನು ಬೇಡಿದಳು. ಬೀಳುವುದಷ್ಟೇ ತನಗೆ ಗೊತ್ತು, ನಿಲ್ಲುವುದನ್ನು ಇನ್ನೂ ಯಾರೂ ಕಲಿಸಿಲ್ಲವೆಂದಿತು ಮಳೆ. ಆ ಹೆಂಗಸರಿಗೆ ಬುದ್ಧಿ ಹೇಳೆಂದು ಗಾಳಿಯನ್ನು ಬೇಡಿದಳು. ಹೇಳಲು ಹೋದದ್ದೇ ತಪ್ಪಾಯಿತು, ಒಬ್ಬಳ ಬೈಗುಳವನ್ನು ಇನ್ನೊಬ್ಬಳಿಗೆ ಮುಟ್ಟಿಸುವ ಕೆಲಸಕ್ಕೆ ತನ್ನನ್ನು ಹಚ್ಚಿದರು ಎಂದು ಗಾಳಿಯೂ ಗೊಣಗಿತು.

ಕಡೆಗೆ ಗೆದ್ದಲಮ್ಮನೇ ಗುಂಡಿಯಿಂದ ತಲೆ ಹೊರಗೆ ಹಾಕಿದಳು. "ಅಲ್ಲ ಕಣ್ರಮ್ಮ, ನಿಮ್ಮ ಜಗಳಕ್ಕೆ ನನ್ನ ಮನೆಯ ಸೂರೇ ಬೇಕಾಯಿತೆ? ಇನ್ನೊಂದು ಸಲ ಅಗೆದರೆ ನನ್ನ ಮಕ್ಕಳು ಉಳಿಯುವುದಿಲ್ಲ."

"ನಾನು ಬಿಡುತ್ತೇನೆ ತಾಯಿ, ಅವಳು ಬಿಡಬೇಕಲ್ಲ," ಎಂದಳು ಪುಟ್ಟಮಾದಮ್ಮ.

"ಮೊದಲು ಅಕ್ಕ ಬಿಡಲಿ, ಆಮೇಲೆ ನನ್ನನ್ನು ಕೇಳಿ," ಎಂದಳು ಜವನಮ್ಮ.

ಇವರಿಗೆ ಹೇಳಿ ಹೇಳಿ ಸಾಕಾಯಿತೆಂದು ಗೆದ್ದಲಮ್ಮ ಒಳಗೆ ಹೋಗಿ ಹಣೆ ಚಚ್ಚಿಕೊಂಡಳು. ಅದನ್ನು ಕಂಡು ಅಣಬೆಗೂ ರೋಸಿಹೋಯಿತು.

"ಅಮ್ಮ, ಅವರು ಎಳೆದರೂ ಬುಡ ಕಿತ್ತು ಸೂರು ಒಡೆಯದಂತೆ ನನ್ನ ಕಾಲನ್ನು ನೀನು ಇಲ್ಲಿಂದಲೇ ಬಿಗಿಯಾಗಿ ಹಿಡಿದುಕೋ. ಇನ್ನು ನಾವೆಲ್ಲ ಒಂದೇ ಬೆಳಗ್ಗೆ ಏಳುತ್ತೇವೆ. ಬುಟ್ಟಿ ತುಂಬಿದವರಿಗೆ ಗುದ್ದಲಿಯ ನೆನಪಾಗದು."

ಅಣಬೆ ಕೇಳಿಕೊಂಡಾಗ, ಏಳುವ ಹೊತ್ತನ್ನು ಕೂಗಿ ಹೇಳಲು ಗುಡುಗು ಒಪ್ಪಿತು.

ಗುಡುಗಿದ ಮರುದಿನ ಹುತ್ತದ ಸುತ್ತ ನೆಲವೆಲ್ಲ ಬೆಳ್ಳಗಾಗಿತ್ತು. ಓರಗಿತ್ತಿಯರು ಒಟ್ಟಿಗೇ ಓಡಿಬಂದರು. ಎಳೆದರೆ ಅಣಬೆ ಪಟಕ್ಕನೆ ಮುರಿದು ಕೈಗೆ ಬಂತು. ಮಣ್ಣಿನೊಳಗೆ ಉದ್ದ ಬೇರಾಗಿ ಬೆಳೆದ ಅದರ ಕಾಲನ್ನು ಗೆದ್ದಲಮ್ಮ ಬಿಡಲಿಲ್ಲ. ಬುಟ್ಟಿ ತುಂಬಿತು, ಸೆರಗೂ ತುಂಬಿತು, ಗುದ್ದಲಿ ಹಿಡಿಯಲು ಕೈಯೇ ಉಳಿಯಲಿಲ್ಲ. ಯಾರ ಬುಟ್ಟಿ ದೊಡ್ಡದೆಂದು ಜಗಳವಾಡುತ್ತಲೇ ಇಬ್ಬರೂ ಮನೆಗೆ ಹೋದರು. ಅಷ್ಟರಲ್ಲಿ ಗೆದ್ದಲಮ್ಮ ಸೂರು ಮೆತ್ತಿ ಮುಗಿಸಿದಳು.

ಆದುದರಿಂದಲೇ ಮಗು, ಇಂದಿಗೂ ಹುತ್ತದ ಅಣಬೆ ಗುಡುಗಿದ ಮೇಲೆ ಒಮ್ಮೆಲೇ ಏಳುತ್ತದೆ. ನೀನೆಷ್ಟು ಮೆಲ್ಲಗೆ ಎಳೆದರೂ ಅದರ ಉದ್ದ ಬೇರಿನ ತುದಿ ಮಣ್ಣಿನೊಳಗೇ ಉಳಿಯುತ್ತದೆ.