ಬಂಡೆಯ ತುಳಸಿಯ ಘಾಟು

ಬಂಡೆಯ ಸಂದಿನಲ್ಲಿ ಬೆಳೆದ ಕಾಡುತುಳಸಿಗೆ ತನ್ನ ಮೈಯ ಕರ್ಪೂರದ ಘಾಟೇ ಒಂದು ಕೊರಗು. ಕೆಳಗೆ ಹಳ್ಳದ ದಂಡೆಯಲ್ಲಿದ್ದ ಅವಳ ಅಕ್ಕತಂಗಿಯರು ನಿಂಬೆಯಂತೆ ಘಮಘಮಿಸುತ್ತಿದ್ದರು. ಅವರಲ್ಲಿ ಹಿರಿಯಳು ಜೇನುನೊಣವನ್ನು ಕರೆದು, "ಆ ಬಂಡೆಯವಳ ಪರಾಗವನ್ನು ನಮ್ಮ ಹೂವಿಗೆ ತರಬೇಡ. ಕುಲದ ಕಂಪು ಕೆಟ್ಟೀತು" ಎಂದು ಕಟ್ಟಪ್ಪಣೆ ಮಾಡಿದಳು.

"ನಾನೇನು ಬೇಕೆಂದು ಹೀಗಾದೆನೇ? ಕಲ್ಲು ಕಾದಂತೆಲ್ಲ ನನ್ನ ಎಣ್ಣೆ ಖಾರವಾಯಿತು" ಎಂದು ಬಂಡೆಯ ತುಳಸಿ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಕಂಬಳಿಹುಳುಗಳ ದಂಡು ಬಂತು. ಹಳ್ಳದ ಎಲೆಗಳನ್ನೆಲ್ಲ ಮೇದು, ಹಸಿವು ತೀರದೆ ಬಂಡೆ ಹತ್ತಿತು. ತುಳಸಿ ತನ್ನ ಎಲೆಗಳನ್ನು ಮುದುರಿಕೊಂಡಳು. ಮುಂದಿದ್ದ ಹುಳು ಅವಳ ಎಲೆಯಂಚು ಕಚ್ಚಿದ್ದೇ ತಡ, ಥೂ ಎಂದು ಉಗುಳಿತು.

"ಅಯ್ಯೋ, ಬಾಯೆಲ್ಲ ಉರಿ! ನಡೆಯಿರಿ ಹಿಂದಕ್ಕೆ!"

ದಂಡು ಇಳಿದುಹೋಯಿತು. ತುಳಸಿ ನಿಟ್ಟುಸಿರು ಬಿಟ್ಟು, ತನ್ನ ಘಾಟನ್ನು ಮೊದಲ ಸಲ ಎದೆತುಂಬ ಎಳೆದುಕೊಂಡಳು.

ಮಳೆ ಬಿದ್ದಮೇಲೆ ಹಳ್ಳದಲ್ಲಿ ಅಳಿದುಳಿದವರು ಚಿಗುರಿ ಹೂಬಿಟ್ಟರು. ಜೇನುನೊಣ ಹಿರಿಯಳ ಬಳಿ ಬಂದು, "ನಿಮ್ಮ ಅಪ್ಪಣೆ ಮೀರಿಲ್ಲ ತಾಯಿ, ಬಂಡೆಯ ಕಡೆ ಸುಳಿದಿಲ್ಲ" ಎಂದಿತು.

ಹಿರಿಯಳು ಸುತ್ತಲೂ ಒಣಗಿ ನಿಂತ ಕಡ್ಡಿಗಳನ್ನು ನೋಡಿದಳು, ಮೇಲೆ ಬಂಡೆಯಲ್ಲಿ ಒಂದೆಲೆಯೂ ಉದುರದೆ ಹಸಿರಾಗಿದ್ದವಳನ್ನೂ ನೋಡಿದಳು.

"ಹಾಗಾದರೆ ಮೊದಲು ಅಲ್ಲಿಗೇ ಹೋಗು. ಅವಳ ಪರಾಗವನ್ನು ಮೈತುಂಬ ಹೊತ್ತು ತಾ."