ಮಾಳವ್ವ ನೇಯ್ದ ಗಾಳಿ ಕಂಬಳಿ

ಭೂಮಿಗೆ ಹೊದಿಕೆ ಅಂತ ಒಂದು ಇಲ್ಲದೇ ಇದ್ದ ಕಾಲದಲ್ಲಿ, ಕಲ್ಲುಗುಡ್ಡದ ಬುಡದಲ್ಲಿ ಮಾಳವ್ವ ಅಂತ ಒಬ್ಬ ಕುರುಬರ ಹೆಂಗಸು ಇದ್ಲಂತೆ. ಕಾಲು ಒದೀಬೇಡ, ಸುಮ್ನೆ ಕೇಳು. ಅವಳಿಗೆ ಮೂರು ಜನ ಗಂಡುಮಕ್ಕಳು, ಸಿದ್ದ, ಬೀರ, ಕೊನೆಯವನು ಮೈಲಾರಿ. ಆಗ ಆಕಾಶ ಇಷ್ಟು ದೂರ ಇರಲಿಲ್ವಂತೆ, ಗುಡ್ಡ ಹತ್ತಿ ಇನ್ನೊಂದು ಹೆಜ್ಜೆ ಇಟ್ರೆ ಆಕಾಶವೇ. ಅದಕ್ಕೆ ಮೂರೂ ಜನ ಕುರಿ ಹೊಡ್ಕೊಂಡು ಅಲ್ಲಿಗೇ ಮೇಯಿಸೋಕೆ ಹೋಗೋರಂತೆ, ಹೋದ್ರೆ ತಿಂಗಳುಗಟ್ಲೆ ಬರ್ತಿರಲಿಲ್ವಂತೆ. ಮಾಳವ್ವ ಮನೇಲಿ ಕೂತು ಕಂಬಳಿ ನೇಯೋಳಂತೆ. ಎಂಥಾ ಕಂಬಳಿ ಅಂತೀಯ, ಕೊಡ ನೀರು ಸುರಿದ್ರೂ ಒಂದು ಹನಿ ಕೆಳಗೆ ಇಳೀತಿರಲಿಲ್ಲ. ಸಡಿಲವಾಗಿ ನೇಯೋದು ಅವಳ ಕೈಗೆ ಗೊತ್ತೇ ಇರಲಿಲ್ವಂತೆ.

ಆದ್ರೆ ಆ ಕಾಲದಲ್ಲಿ ಮೇಲಿಂದ ದಿನಾ ಕಲ್ಲು ಬೀಳ್ತಿದ್ವಂತೆ, ತಡೆಯೋಕೆ ಏನೂ ಇಲ್ವಲ್ಲ. ಒಂದಿನ ಪಕ್ಕದ ಮನೆ ಹೊನ್ನವ್ವನ ತೊಟ್ಟಿಲ ಮೇಲೆ ಬಿತ್ತು. ಕೂಸು ಹೋಯ್ತು. ಆಮೇಲೆ ಊರೋರೆಲ್ಲ ಬಂದು ಮಾಳವ್ವನ ಕಾಲಿಗೆ ಬಿದ್ದು, ನಮ್ಮ ಮಕ್ಕಳ ತಲೆ ಮೇಲೆ ಏನಾದ್ರೂ ಹೊದಿಸು ತಾಯಿ ಅಂದ್ರಂತೆ. ಅಷ್ಟು ದೊಡ್ಡ ಕಂಬಳಿಗೆ ಉಣ್ಣೆ ಎಲ್ಲಿಂದ ತರೋದು? ಗಾಳೀನೇ ಹಿಡಿದು, ಹಿಂಜಿ, ನೂತು, ನೇಯ್ದು, ಕಣ್ಣಿಗೆ ಕಾಣದ ಕಂಬಳಿ ಮಾಡಿ ಭೂಮಿಗೆಲ್ಲ ಹೊದಿಸಿದ್ಲಂತೆ. ಒಂದು ಅಂಚು ಮಾತ್ರ ಬಿಟ್ಟಿದ್ಲಂತೆ, ನನ್ನ ಮಕ್ಕಳು ಬರ್ಲಿ, ಆಮೇಲೆ ಕಟ್ತೀನಿ ಅಂತ. ಆ ಸಂದಿಯಲ್ಲೇ ಮತ್ತೆ ಕಲ್ಲು ಸುರಿಯೋಕೆ ಶುರುವಾಯ್ತು. ಕೆಳಗೆ ಮಕ್ಕಳು ಆಡ್ತಿದ್ವು. ಮಾಳವ್ವ ಓಡಿಹೋಗಿ ಗಂಟು ಹಾಕೇಬಿಟ್ಲಂತೆ. ಹಾಕಿದ ಮೇಲೆ ಕೂತು ಅತ್ಲಂತೆ.

ಆಮೇಲೆ ಸಿದ್ದ ಬಂದ. ಮೇಲಿಂದ ಅವ್ವನ ಒಲೆ ಹೊಗೆ ಕಂಡಿದ್ದೇ ತಡ, ಓಡಿದ. ಎಲ್ಲಿ, ನಿನ್ನ ಅಂಗೈ ಎರಡೂ ಜೋರಾಗಿ ಉಜ್ಜು ನೋಡೋಣ. ಬಿಸಿ ಆಯ್ತಾ? ಮೆಲ್ಲಗೆ ಹೋದ್ರೆ ಗಾಳಿ ಮೈ ಸವರುತ್ತೆ ಅಷ್ಟೇ. ಅವನು ಓಡಿದ ಓಟಕ್ಕೆ ಮುಂದಿದ್ದ ಗಾಳಿಗೆ ಸರಿಯೋಕೂ ಪುರುಸೊತ್ತಿಲ್ಲದೆ, ಒತ್ತಿ ಒತ್ತಿ ಕೆಂಡ ಆಯ್ತಂತೆ. ಸಿದ್ದ ಒಂದು ಗೆರೆ ಬೆಳಕಾಗಿ ಉರಿದುಹೋದ. ಬೆಳಿಗ್ಗೆ ಅಂಗಳದಲ್ಲಿ ಚಿಟಿಕೆ ಬೂದಿ ಇತ್ತು, ಅಷ್ಟೇ.

ಬೀರ ಅದನ್ನ ನೋಡಿ, ನೆಟ್ಟಗೆ ಬಂದ್ರೆ ತಾನೇ ಸುಡೋದು, ಓರೆಯಾಗಿ ಜಾರ್ತೀನಿ ಅಂದ್ಕೊಂಡ. ಪೂರ್ವದಿಂದ ಪಶ್ಚಿಮದ ತನಕ ಕಂಬಳಿ ಮೇಲೇ ಹೊಳೀತಾ ಜಾರಿ, ಒಳಗೆ ಬರೋಕಾಗದೆ ಆಚೆ ಕತ್ತಲಿಗೆ ಹಾರಿಹೋದ್ನಂತೆ. ಎಲ್ಲಿ ಹೋದ್ನೋ, ಇವತ್ತಿಗೂ ಗೊತ್ತಿಲ್ಲ. ಸತ್ತ ಮಗನಿಗಾದ್ರೂ ಅಳಬಹುದು, ಇವನಿಗೆ ಏನಂತ ಅಳೋದು ಹೇಳು.

ಕೊನೆಗೆ ಮೈಲಾರಿ ಬಂದು ಆಚೆಯೇ ನಿಂತು, ಅವ್ವಾ, ಆ ಗಂಟು ಬಿಚ್ಚು, ಒಳಗೆ ಬರ್ತೀನಿ ಅಂದ್ನಂತೆ. ಮಾಳವ್ವ ಗುಡ್ಡ ಹತ್ತಿ ಗಂಟಿಗೆ ಕೈ ಹಾಕಿದ್ಲು. ಬಿಚ್ಚಿದ್ರೆ ಮಗನ ಜೊತೆ ಕಲ್ಲೂ ಬರ್ತಾವೆ. ಹಿಂದೇನೇ ಹೊನ್ನವ್ವ ಬಂದು, ಬಿಚ್ಚಮ್ಮ, ನಂದಂತೂ ಹೋಯ್ತು, ನಿಂದಾದ್ರೂ ಉಳೀಲಿ, ಊರೋರಿಗೆ ನಾನು ಹೇಳ್ಕೋತೀನಿ ಅಂದ್ಲಂತೆ. ಬೇಡ ಅಂದಿದ್ರೆ ಬಿಚ್ಚೇಬಿಡ್ತಿದ್ಲೋ ಏನೋ. ಬಿಚ್ಚು ಅಂದವಳ ಮುಖ ನೋಡಿ ಮಾಳವ್ವನಿಗೆ ಕೈ ಬರಲಿಲ್ಲ. ಓಡಬೇಡ ಮಗನೇ, ಮೆಲ್ಲಗೆ ಬಾ ಅಂತ ಕೂಗಿದ್ಲು. ಅಲ್ಲಿಂದ ಮೆಲ್ಲಗೆ ಬರೋಕೆ ಯಾರಿಗೂ ಆಗಲ್ಲ ಕಂದ. ಕಾಲಿಟ್ರೆ ಸಾಕು, ಭೂಮಿ ಎಳ್ಕೊಂಡುಬಿಡುತ್ತೆ.

ಮುಚ್ಚಂಜೆ ಹೊತ್ತು, ಊರೆಲ್ಲ ಹಗಲಾದಂಗೆ ಬೆಳಗಿತಂತೆ. ಬೆಳಕು ಪೂರ್ತಿ ಆರಿ, ಎಲ್ಲರೂ ಉಸಿರು ಬಿಟ್ಟ ಮೇಲೆ, ಗುಡುಗಿದಂಗೆ ಅವ್ವಾ ಅಂತ ಕೂಗಿದ್ದು ಕೇಳಿಸ್ತಂತೆ. ಸದ್ದಿಗೆ ಅವನಷ್ಟು ಜೋರಾಗಿ ಓಡೋಕೆ ಬರಲ್ವಲ್ಲ, ಕೂಗು ಹಿಂದೆ ಉಳಿದುಬಿಟ್ಟಿತ್ತು.

ಜೋಳದ ಹೊಲದಲ್ಲಿ ಕಪ್ಪಗೆ ಒಂದು ಕಲ್ಲು ಬಿದ್ದಿತ್ತು, ಒಂದು ಮುದ್ದೆಯಷ್ಟು. ಅಷ್ಟೆತ್ತರದ ಮಗ ಅಷ್ಟೇ ಉಳಿದಿದ್ದ. ಸುಡುತ್ತೆ, ಮುಟ್ಟಬೇಡ ಅಂತ ಹೊನ್ನವ್ವ ಅಂದ್ರೂ ಕೇಳದೆ ಮಾಳವ್ವ ಎತ್ಕೊಂಡ್ಲು. ಮೇಲೆಲ್ಲ ಕರಕಲಾಗಿದ್ರೂ ಕಲ್ಲು ಸುಡ್ತಿರಲಿಲ್ವಂತೆ, ತಣ್ಣಗಿತ್ತಂತೆ. ಆಚೆ ಎಷ್ಟು ದಿನ ಚಳೀಲಿ ನಿಂತಿದ್ನೋ. ಅಯ್ಯೋ ನನ್ನಪ್ಪಾ, ಲೋಕಕ್ಕೆಲ್ಲ ಹೊದಿಸಿ ನಿನ್ನ ಹೊರಗೆ ಬಿಟ್ನಲ್ಲೋ ಅಂತ ಮಡಿಲಲ್ಲಿಟ್ಟು, ಸೆರಗು ಮುಚ್ಚಿ, ಬೆಳಗಿನ ತನಕ ತಟ್ಟುತ್ತಾ ಕೂತಿದ್ಲಂತೆ. ಹೊನ್ನವ್ವನೂ ಪಕ್ಕದಲ್ಲೇ ಕೂತಿದ್ಲಂತೆ.

ಆವತ್ತು ಊರಲ್ಲಿ ಒಂದು ಮಗುವಿಗೂ ಏಟಾಗಲಿಲ್ಲ. ರಾತ್ರಿಯೆಲ್ಲ ಮಕ್ಕಳು ಮಲಗಿದ್ವು, ಒಂದಕ್ಕೂ ಎಚ್ಚರ ಆಗಲಿಲ್ವಂತೆ. ಅಲ್ಲಿಗೆ ಅವರ ಕತೆ ಆಯ್ತು. ನೀನೂ ಮಲಗು ಇನ್ನು.