ಬೆರ್ಚಪ್ಪನ ಚಾಚಿದ ಕೈ

ಜೋಳದ ಹೊಲ ಕಾಯುವ ಬೆರ್ಚಪ್ಪನಿಗೆ ಹಿಂದೆ ಪುರುಸೊತ್ತೇ ಇರಲಿಲ್ಲ. ಎರೆಭೂತವೆಂಬ ಎತ್ತರದ ಹಕ್ಕಿಗಳು ಹಿಂಡಾಗಿ ಬಂದರೆ, ಚಾಚಿದ ಕೈ ತೋರಿಸಿಯೇ ಅಷ್ಟನ್ನೂ ಓಡಿಸುತ್ತಿದ್ದ. ಬರಬರುತ್ತ ಹಕ್ಕಿಗಳೇ ಇಲ್ಲವಾದವು. ಆಮೇಲೆ ಅವುಗಳ ದಾರಿ ನೋಡುವುದೇ ಅವನ ಕೆಲಸವಾಯಿತು.

ಒಂದು ಮುಂಜಾನೆ ಒಂಟಿ ಎರೆಭೂತವೊಂದು ಬದುವಿನ ಮೇಲೆ ಬಂದು ನಿಂತಿತು.

“ಬಾರವ್ವ, ಬಾ! ತೆನೆಯೆಲ್ಲ ನಿನ್ನದೇ. ನಿನ್ನವರೆಲ್ಲಿ?” ಎಂದ ಬೆರ್ಚಪ್ಪ.

“ಉಳಿದವಳು ನಾನೊಬ್ಬಳೇ. ಬರಲು ನನಗೂ ಆಸೆಯಿದೆ, ಬೆರ್ಚಪ್ಪಾ. ಆದರೆ ಚಾಚಿದ ಕೈ ಕಂಡರೆ ಓಡು ಅಂತ ಅವ್ವ ಹೇಳಿದ್ದಾಳೆ. ಮೊದಲು ಅದನ್ನು ಇಳಿಸು,” ಎಂದಿತು ಹಕ್ಕಿ.

ಬೆರ್ಚಪ್ಪ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದ. ಕಟ್ಟಿದ್ದ ಅಡ್ಡಗೋಲು ಅಲುಗಲಿಲ್ಲ. ಹರಕು ತೋಳಂಗಿ ಮಾತ್ರ ಗಾಳಿಗೆ ಪಟಪಟ ಬಡಿದುಕೊಂಡಿತು.

ಹಕ್ಕಿ ಹಾರಿಹೋಯಿತು. ಅದು ಹೋದ ದಿಕ್ಕಿಗೆ ಬೆರ್ಚಪ್ಪ ಇಂದಿಗೂ ಕೈ ಚಾಚಿಕೊಂಡೇ ನಿಂತಿದ್ದಾನೆ.